‘ಮುಡಿ’ಯ ನಮೂದನ್ನು ಲಿಸ್ಪ್ ಬಿಚ್ಚುವ ಬಗೆ

ಕರಾವಳಿಯವರಿಗೆ ‘ಮುಡಿ’ ಎಂದರೆ ಮೊದಲು ನೆನಪಾಗುವುದು ಅಕ್ಕಿ. ಬೈಹುಲ್ಲು ಹಾಸಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗ ಬಿಗಿದು ಉರುಟಾಗಿ ಕಟ್ಟಿದ ಕಟ್ಟು ಅದು. ಒಂದು ಮುಡಿಗೆ ಮೂರು ಕಳಸೆ, ಒಂದು ಕಳಸೆಗೆ 14 ಸೇರು; ಅಲ್ಲಿಗೆ ಮುಡಿ ಎಂದರೆ 42 ಸೇರು. ಘಟ್ಟದ ಮೇಲಿನವರಿಗೆ ಅದೇ ಪದ ತುರುಬನ್ನು ನೆನಪಿಸುತ್ತದೆ. ಹೂ ಮುಡಿಯುವ ಕ್ರಿಯಾಪದ ಬೇರೆ ಇದೆ. ಒಂದು ಪದ, ಅದರೊಳಗೆ ಎರಡು ವರ್ಗ, ವರ್ಗದೊಳಗೆ ಅರ್ಥಗಳು, ಅರ್ಥದೊಳಗೆ ಮತ್ತೊಂದು ಪದದ ಕಡೆಗೆ ಕೈತೋರುವ ಸೂಚನೆ. ನಿಘಂಟಿನ ಯಾವ ನಮೂದನ್ನು ತೆಗೆದುಕೊಂಡರೂ ಒಂದರ ಹೊಟ್ಟೆಯೊಳಗೆ ಇನ್ನೊಂದು ಇರುತ್ತದೆ.

ಮಂಗಳೂರಿನಲ್ಲಿ 1894ರಲ್ಲಿ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದಾಗ ಈ ಒಳರಚನೆಯನ್ನು ತೋರಿಸಲು ಇದ್ದದ್ದು ಅಚ್ಚುಮೊಳೆಗಳು ಮಾತ್ರ. ಯಾವುದು ತಲೆಪದ, ಯಾವುದು ಅರ್ಥ, ಯಾವುದು ಉದಾಹರಣೆ ಎಂಬುದನ್ನು ಅಕ್ಷರದ ಬಗೆ, ಅಂಕಿ, ವಿರಾಮಚಿಹ್ನೆಗಳೇ ಹೇಳಬೇಕಿತ್ತು. ಓದುವವನ ಕಣ್ಣು ಅದನ್ನು ಬಿಡಿಸಿಕೊಳ್ಳುತ್ತಿತ್ತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ತಂದ ತುಳು ನಿಘಂಟಿನ ಪುಟ ತೆರೆದರೂ ಅಷ್ಟೇ, ಕಣ್ಣಿಗೆ ಕೆಲಸ ಇದ್ದೇ ಇದೆ. ಕಂಪ್ಯೂಟರಿಗೆ ಅಂಥ ಕಣ್ಣಿಲ್ಲ. ಅದಕ್ಕೆ ಎಲ್ಲಿ ಏನು ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳುವ ಒಂದು ಕ್ರಮವೇ ಎಕ್ಸ್‌ಎಂಎಲ್. ಹಾಗೆ ಬರೆದಿಟ್ಟದ್ದನ್ನು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಚ್ಚಿಕೊಳ್ಳುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮನ ಬಾಯಲ್ಲಿ ಉಳಿದಿರುವ ಅಳತೆಯ ಪದಗಳನ್ನು, ಅಡುಗೆಮನೆಯ ಮತ್ತು ಗದ್ದೆಯ ಪದಗಳನ್ನು ಕೆಲವು ಕಾಲದಿಂದ ನಾನು ಹೀಗೆ ಬರೆದಿಡುತ್ತಿದ್ದೇನೆ. ‘ಮುಡಿ’ಯ ನಮೂದು ಮೊದಲಿಗೆ ಹೀಗಿತ್ತು:

```
<ನಮೂದು ಭಾಷೆ="ಕನ್ನಡ">
  <ಪದ>ಮುಡಿ</ಪದ>
  <ವರ್ಗ>ನಾಮಪದ</ವರ್ಗ>
  <ಅರ್ಥ ಸಂಖ್ಯೆ="1">ತಲೆಗೂದಲ ಗಂಟು, ತುರುಬು</ಅರ್ಥ>
  <ಅರ್ಥ ಸಂಖ್ಯೆ="2" ಪ್ರದೇಶ="ಕರಾವಳಿ">ಅಕ್ಕಿಯ ಕಟ್ಟು; ಮೂರು <ನೋಡಿ>ಕಳಸೆ</ನೋಡಿ>ಯ ಅಳತೆ</ಅರ್ಥ>
</ನಮೂದು>
```

ಕೋನಾವರಣದೊಳಗಿನ ಗುರುತುಗಳಿಗೆ ಟ್ಯಾಗು ಎನ್ನುತ್ತಾರೆ. ಅವುಗಳ ಹೆಸರು ಕನ್ನಡದಲ್ಲೇ ಇರುವುದು ಈ ಲೇಖನಕ್ಕಾಗಿ ಮಾಡಿದ ಏರ್ಪಾಟಲ್ಲ. ಎಕ್ಸ್‌ಎಂಎಲ್‌ನ ನಿಯಮ ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ. ಅಮ್ಮನಿಗೆ ತೋರಿಸಿ ತಿದ್ದಿಸಿಕೊಳ್ಳಬೇಕಾದ ಕಡತ ಅಮ್ಮನಿಗೆ ಓದಲು ಬರುವಂತಿರಬೇಕು ಎಂಬುದು ನನ್ನ ಹಟ.

ಈ ಕಡತವನ್ನು ಓದಿ ಅದರ ರಚನೆಯನ್ನು ಬಿಡಿಸಿಕೊಡುವ ಪ್ರೋಗ್ರಾಮಿಗೆ ಪಾರ್ಸರ್ ಎನ್ನುತ್ತಾರೆ. ಪಾರ್ಸರನ್ನು ನಾವು ಬರೆಯುವ ಅಗತ್ಯವಿಲ್ಲ. ಲಿಸ್ಪ್‌ನ ಮುಖ್ಯ ಪಂಗಡಗಳಲ್ಲೆಲ್ಲ ಒಳ್ಳೆಯವು ಸಿಗುತ್ತವೆ. ನಮ್ಮ ಕೆಲಸ ಶುರುವಾಗುವುದು ಪಾರ್ಸರ್ ಕೈಗೆ ಕೊಟ್ಟದ್ದನ್ನು ಹಿಡಿದ ಮೇಲೆ. ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದೊಳಗಿನ ಲಿಸ್ಪ್ ಕೊಡುವ ಆಕಾರ, ಸಾಲುಗಳ ನಡುವಿನ ಖಾಲಿ ಜಾಗವನ್ನು ಸದ್ಯಕ್ಕೆ ಬದಿಗಿಟ್ಟರೆ, ಹೀಗಿರುತ್ತದೆ:

```
(ನಮೂದು ((ಭಾಷೆ . "ಕನ್ನಡ"))
  (ಪದ () "ಮುಡಿ")
  (ವರ್ಗ () "ನಾಮಪದ")
  (ಅರ್ಥ ((ಸಂಖ್ಯೆ . "1")) "ತಲೆಗೂದಲ ಗಂಟು, ತುರುಬು")
  (ಅರ್ಥ ((ಸಂಖ್ಯೆ . "2") (ಪ್ರದೇಶ . "ಕರಾವಳಿ"))
    "ಅಕ್ಕಿಯ ಕಟ್ಟು; ಮೂರು " (ನೋಡಿ () "ಕಳಸೆ") "ಯ ಅಳತೆ"))
```

ಇದನ್ನು ಎರಡು ನಿಮಿಷ ಸುಮ್ಮನೆ ನೋಡಬೇಕು. ಶುರುವಿನ ಟ್ಯಾಗು ಎಡ ಆವರಣವಾಗಿದೆ, ಮುಗಿವಿನ ಟ್ಯಾಗು ಬಲ ಆವರಣವಾಗಿದೆ. ಮುಗಿವಿನಲ್ಲಿ ಹೆಸರನ್ನು ಮತ್ತೆ ಹೇಳುವುದು ತಪ್ಪಿತು. ಉಳಿದದ್ದೆಲ್ಲ ಹಾಗೆಯೇ ಇದೆ. ಇಲ್ಲಿಂದ ಮುಂದೆ ನಮ್ಮ ಎದುರಿಗಿರುವುದು ಎಕ್ಸ್‌ಎಂಎಲ್ ಅಲ್ಲ, ಬರೀ ಪಟ್ಟಿ. ಇದನ್ನು ಮನಸ್ಸು ಒಪ್ಪಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಎಕ್ಸ್‌ಎಂಎಲ್‌ಗೆಂದೇ ಪ್ರತ್ಯೇಕ ಸಲಕರಣೆಗಳನ್ನು ಕಲಿಯಬೇಕಿಲ್ಲ. ಪಟ್ಟಿಯ ತಲೆ ತೆಗೆಯುವ, ಉಳಿದದ್ದನ್ನು ಹಿಡಿಯುವ, ಪ್ರತಿಯೊಂದರ ಮೇಲೂ ಕೈಯಾಡಿಸುವ ಹಳೆಯ ಫಂಕ್ಷನ್‌ಗಳೇ, ಅಂದರೆ ಒಂದೊಂದು ಕೆಲಸಕ್ಕೆ ಹೆಸರಿಟ್ಟ ಆದೇಶಗಳೇ ಸಾಕು.

ಹಳೆಯವು ಎಂದರೆ ನಿಜವಾಗಿಯೂ ಹಳೆಯವು. ಜಾನ್ ಮೆಕಾರ್ಥಿ ಲಿಸ್ಪ್‌ನ ಕೆಲಸ ಆರಂಭಿಸಿದ್ದು 1958ರಲ್ಲಿ, ಅದರ ಪ್ರಬಂಧ ಪ್ರಕಟವಾದದ್ದು 1960ರಲ್ಲಿ. ಎಕ್ಸ್‌ಎಂಎಲ್ ಶಿಫಾರಸಾಗಿ ಹೊರಬಿದ್ದದ್ದು 1998ರ ಫೆಬ್ರವರಿ 10ರಂದು. ಪಟ್ಟಿಯ ತಲೆಗೆ ‘ಕಾರ್’, ಉಳಿದದ್ದಕ್ಕೆ ‘ಕುಡರ್’ ಎಂಬ ವಿಚಿತ್ರ ಹೆಸರುಗಳು ಐಬಿಎಂ 704 ಎಂಬ ಯಂತ್ರದ ಒಳಭಾಗಗಳಿಂದ ಬಂದವು. ಆ ಯಂತ್ರ ಹೋಯಿತು, ಹೆಸರು ಉಳಿಯಿತು. ಲಿಸ್ಪ್‌ನಲ್ಲಿ ಇಂಥವುಗಳಿಗೆ ನಮ್ಮದೇ ಹೆಸರು ಇಟ್ಟುಕೊಳ್ಳಬಹುದು. ಫಂಕ್ಷನ್ ಬರೆಯುವ ಪದವನ್ನೇ ಮ್ಯಾಕ್ರೊ (ಭಾಷೆಗೇ ಹೊಸ ಪದ ಸೇರಿಸುವ ಸೌಲಭ್ಯ) ಮೂಲಕ ಕನ್ನಡಕ್ಕೆ ತರಬಹುದು. ನಾನು ಹಾಗೆ ಮಾಡಿಕೊಂಡಿದ್ದೇನೆ: ಫಂಕ್ಷನ್ ಬರೆಯಲು ‘ವಿಧಿ’, ಕಾರ್‌ಗೆ ‘ಮೊದಲು’, ಕುಡರ್‌ಗೆ ‘ಉಳಿದದ್ದು’, ಹಲವು ಸಾಧ್ಯತೆಗಳಲ್ಲಿ ಒಂದನ್ನು ಆರಿಸುವುದಕ್ಕೆ ‘ಸಂದರ್ಭ’. ಹೀಗೆ ಒಂದರೊಳಗೊಂದು ಕವಲೊಡೆಯುವ ಪಟ್ಟಿಗೆ ‘ಮರ’ ಎಂದೂ ಅದರ ಒಂದೊಂದು ಘಟಕಕ್ಕೆ ‘ಗಂಟು’ ಎಂದೂ ಕರೆದಿದ್ದೇನೆ.

ಮೇಲಿನ ಆಕಾರದಲ್ಲಿ ಒಂದು ಶಿಸ್ತಿದೆ. ಗಂಟಿನ ಮೊದಲ ಜಾಗ ಹೆಸರಿಗೆ. ಎರಡನೆಯ ಜಾಗ ಗುಣಗಳಿಗೆ, ಅಂದರೆ ಟ್ಯಾಗಿನೊಳಗೆ ಹೆಸರಿನ ಪಕ್ಕ ಬರೆದ ‘ಸಂಖ್ಯೆ’, ‘ಪ್ರದೇಶ’ಗಳಂಥವಕ್ಕೆ. ಗುಣವೇ ಇಲ್ಲದಿದ್ದರೆ ಅಲ್ಲಿ ಖಾಲಿ ಪಟ್ಟಿ, ಆದರೆ ಜಾಗ ತಪ್ಪುವುದಿಲ್ಲ. ಅಲ್ಲಿಂದಾಚೆಗೆ ಇರುವವರೆಲ್ಲ ಮಕ್ಕಳು. ಲಿಸ್ಪ್‌ನ ಒಂದು ಪಂಗಡವಾದ ಸ್ಕೀಮ್ ಬಳಸುವವರ ನಡುವೆ ಒಲೆಗ್ ಕಿಸೆಲ್ಯೋವ್ ರೂಢಿಗೆ ತಂದ ಇನ್ನೊಂದು ಆಕಾರವಿದೆ. ಅದರಲ್ಲಿ ಗುಣಗಳು @ ಚಿಹ್ನೆಯಿಂದ ಶುರುವಾಗುವ ಒಳಪಟ್ಟಿಯಲ್ಲಿರುತ್ತವೆ, ಗುಣವಿಲ್ಲದ ಗಂಟಿನಲ್ಲಿ ಆ ಒಳಪಟ್ಟಿಯೇ ಇಲ್ಲದಿರಬಹುದು. ಕಣ್ಣಿಗೆ ಅದು ಚೊಕ್ಕ. ಆದರೆ ಎರಡನೆಯ ಜಾಗದಲ್ಲಿ ಗುಣವಿದೆಯೋ ಮಗುವಿದೆಯೋ ಎಂದು ಪ್ರತಿ ಸಲ ಪರೀಕ್ಷಿಸಬೇಕಾಗುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಮೊದಲನೆಯ ಆಕಾರವನ್ನೇ ಹೇಳುತ್ತೇನೆ, ಏಕೆಂದರೆ ಅದರ ಕೀಲಿಗಳು ಮೂರು ಸಾಲಿನಲ್ಲಿ ಮುಗಿಯುತ್ತವೆ:

```
(ವಿಧಿ ಹೆಸರು (ಗಂಟು) (ಮೊದಲು ಗಂಟು))
(ವಿಧಿ ಗುಣಗಳು (ಗಂಟು) (ಮೊದಲು (ಉಳಿದದ್ದು ಗಂಟು)))
(ವಿಧಿ ಮಕ್ಕಳು (ಗಂಟು) (ಉಳಿದದ್ದು (ಉಳಿದದ್ದು ಗಂಟು)))
```

ಇವನ್ನು ಬರೆದ ಮೇಲೆ ಉಳಿದ ಪ್ರೋಗ್ರಾಮಿನಲ್ಲಿ ‘ಉಳಿದದ್ದರ ಉಳಿದದ್ದು’ ಎಂದು ಎಲ್ಲೂ ಬರೆಯಬಾರದು. ನಾಳೆ ಬೇರೆ ಆಕಾರ ಕೊಡುವ ಪಾರ್ಸರಿಗೆ ಬದಲಾದರೆ ಈ ಮೂರು ಸಾಲು ತಿದ್ದಿದರಾಯಿತು. ಇನ್ನೊಂದು ಮಾತು: ‘ಮಕ್ಕಳು’ ಕೊಡುವುದು ನಕಲಲ್ಲ. ಲಿಸ್ಪ್‌ನ ಪಟ್ಟಿ ಎಂದರೆ ಜೋಡಿಗಳ ಸರಪಳಿ. ಒಂದೊಂದು ಜೋಡಿಯ ಒಂದು ಬದಿಯಲ್ಲಿ ವಸ್ತು, ಇನ್ನೊಂದು ಬದಿಯಲ್ಲಿ ಮುಂದಿನ ಜೋಡಿಯ ವಿಳಾಸ. ಎರಡು ಕೊಂಡಿ ದಾಟಿ ಮೂರನೆಯದನ್ನು ಹಿಡಿದರೆ ಅದೇ ಮಕ್ಕಳ ಪಟ್ಟಿ. ಹಾಗಾಗಿ ಖರ್ಚು ಏನೂ ಇಲ್ಲ. ಆದರೆ ಆ ಪಟ್ಟಿಯನ್ನು ಇದ್ದಲ್ಲೇ ಬದಲಾಯಿಸಿದರೆ ಮೂಲ ಗಂಟೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಗುಣಗಳ ಪಟ್ಟಿ ಹೆಸರು–ಬೆಲೆಗಳ ಜೋಡಿ. ಹೆಸರು ಕೊಟ್ಟು ಜೋಡಿಯನ್ನು ಹುಡುಕಿ, ಅದರ ಉಳಿದ ಭಾಗ ತೆಗೆದರೆ ಬೆಲೆ ಸಿಕ್ಕಿತು. ಕಾಮನ್ ಲಿಸ್ಪ್ ಎಂಬ ಪಂಗಡದಲ್ಲೂ ಈಮ್ಯಾಕ್ಸ್‌ನಲ್ಲೂ ಖಾಲಿ ಪಟ್ಟಿಯ ‘ಉಳಿದದ್ದು’ ಖಾಲಿ ಪಟ್ಟಿಯೇ. ಅಂದರೆ ‘ಪ್ರದೇಶ’ ಎಂಬ ಗುಣವೇ ಇಲ್ಲದ ಅರ್ಥಕ್ಕೂ ಪ್ರೋಗ್ರಾಂ ಮುಗ್ಗರಿಸದೆ ‘ಇಲ್ಲ’ ಎಂದು ಉತ್ತರಿಸುತ್ತದೆ. ಇದು ದೊಡ್ಡ ಅನುಕೂಲ, ಹಾಗೆಯೇ ಅಪಾಯ ಕೂಡ: ಗುಣದ ಹೆಸರನ್ನು ತಪ್ಪಾಗಿ ಬರೆದರೂ ಅಷ್ಟೇ ಶಾಂತವಾಗಿ ‘ಇಲ್ಲ’ ಎನ್ನುತ್ತದೆ. ಗುಣದ ಬೆಲೆ ಯಾವಾಗಲೂ ಅಕ್ಷರಗಳ ಸರಣಿ ಎಂಬುದೂ ನೆನಪಿರಬೇಕು. ಸಂಖ್ಯೆ ಎಂದು ನಮಗೆ ಕಂಡರೂ ಅದು "2", ಎರಡಲ್ಲ. ಹಾಗೆಯೇ ವಿಂಗಡಿಸಿದರೆ ಹತ್ತನೆಯ ಅರ್ಥ ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ.

ಈಗ ತಿರುಳಿಗೆ ಬರುತ್ತೇನೆ. ಗಂಟಿನೊಳಗಿನ ಪಠ್ಯವನ್ನೆಲ್ಲ ಒಟ್ಟುಗೂಡಿಸಬೇಕು. ಮಗು ಎರಡೇ ಬಗೆಯದು: ಒಂದೋ ಬರೀ ಪಠ್ಯ, ಇಲ್ಲವೇ ಇನ್ನೊಂದು ಗಂಟು. ಪಠ್ಯವಾದರೆ ಅದೇ ಉತ್ತರ. ಗಂಟಾದರೆ ಅದರ ಪ್ರತಿಯೊಂದು ಮಗುವಿಗೂ ಇದೇ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಜೋಡಿಸಬೇಕು.

```
(ವಿಧಿ ಪಠ್ಯ (ಗಂಟು)
  (ಸಂದರ್ಭ
    ((ಪಠ್ಯವೇ ಗಂಟು) ಗಂಟು)
    (ಇಲ್ಲವಾದರೆ
      (ಜೋಡಿಸು (ಪ್ರತಿಯೊಂದಕ್ಕೂ 'ಪಠ್ಯ (ಮಕ್ಕಳು ಗಂಟು))))))
```

ದತ್ತಾಂಶ ‘ಒಂದೋ ಇದು, ಇಲ್ಲವೇ ಅದು’ ಎಂದಿತ್ತು. ಫಂಕ್ಷನ್ ಕೂಡ ‘ಒಂದೋ ಇದು, ಇಲ್ಲವೇ ಅದು’ ಎಂದೇ ಇದೆ. ದತ್ತಾಂಶ ತನ್ನೊಳಗೆ ತನ್ನಂಥದ್ದನ್ನೇ ಇಟ್ಟುಕೊಂಡಿತ್ತು. ಫಂಕ್ಷನ್ ತನ್ನನ್ನೇ ತಾನು ಕರೆಯುತ್ತದೆ. ಮರ ಎಷ್ಟು ಆಳವಿದ್ದರೂ ಫಂಕ್ಷನ್ ಇಷ್ಟೇ. ಗೂಡುಗಟ್ಟಿದ ಪಟ್ಟಿಯನ್ನು ಕಂಡು ಸೋತವರಲ್ಲಿ ಹೆಚ್ಚಿನವರು ‘ಮೊದಲ ಮಗುವಿನ ಎರಡನೆಯ ಮಗುವಿನ ಮೂರನೆಯದು’ ಎಂದು ಎಣಿಸಿ ಹಿಡಿಯಲು ಹೊರಟವರು. ಎಣಿಸಬಾರದು. ಒಂದು ಗಂಟಿಗೆ ಏನು ಮಾಡಬೇಕು ಎಂದು ಸರಿಯಾಗಿ ಹೇಳಿದರೆ ಉಳಿದ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಈ ಫಂಕ್ಷನ್ನಿನ ಮೊದಲ ರೂಪ ಹೀಗಿರಲಿಲ್ಲ. ಎಕ್ಸ್‌ಎಂಎಲ್ ಕಡತದಲ್ಲಿ ಟ್ಯಾಗುಗಳ ನಡುವಿನ ಹೊಸ ಸಾಲು, ಸಾಲಿನ ಮುಂದಿನ ಖಾಲಿ ಜಾಗ ಎಲ್ಲವೂ ಪಠ್ಯವೇ. ಹಲವು ಪಾರ್ಸರುಗಳು ಅವನ್ನೂ ಮಕ್ಕಳ ಸಾಲಿನಲ್ಲಿ ಕೂರಿಸುತ್ತವೆ. ‘ನಮೂದು’ವಿನ ಮೊದಲ ಮಗು ‘ಪದ’ ಎಂದು ನಾವು ನಂಬಿದ್ದರೆ ಅಲ್ಲಿರುವುದು ಒಂದು ಹೊಸ ಸಾಲು ಮತ್ತು ಎರಡು ಖಾಲಿ ಜಾಗ. ಅದರ ಕಾಟ ತಪ್ಪಿಸಲು ಪ್ರತಿಯೊಂದು ತುಂಡಿನ ಎರಡೂ ತುದಿಯ ಖಾಲಿ ಜಾಗವನ್ನು ಕತ್ತರಿಸಿ, ನಡುವೆ ಒಂದೊಂದು ಖಾಲಿ ಜಾಗ ಇಟ್ಟು ಜೋಡಿಸುವ ಕ್ರಮವನ್ನು ನಾನು ಅನುಸರಿಸಿದ್ದೆ. ಇಂಗ್ಲಿಷ್ ಪಠ್ಯಕ್ಕಾಗಿ ಬರೆದ ಎಷ್ಟೋ ಮಾದರಿಗಳಲ್ಲಿ ಹಾಗೆಯೇ ಇರುತ್ತದೆ. ಮುದ್ರಿಸಿದ ಹಾಳೆಯನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಓದಿದ ಅಮ್ಮ ತುಳುವಿನಲ್ಲಿ ಕೇಳಿದರು: “ಇದೇನು, ಕಳಸೆ ಒಂದು ಕಡೆ, ‘ಯ’ ಒಂದು ಕಡೆ?” ಹಾಳೆಯಲ್ಲಿ ‘ಮೂರು ಕಳಸೆ ಯ ಅಳತೆ’ ಎಂದಿತ್ತು.

ಆ ಪ್ರಶ್ನೆ ನನಗೆ ತುಂಬ ಕಲಿಸಿತು. ಇಂಗ್ಲಿಷಿನಲ್ಲಿ ಸಂಬಂಧ ಸೂಚಿಸುವ ಪದಗಳು ಹೆಚ್ಚಾಗಿ ಬೇರೆಯಾಗಿ ನಿಲ್ಲುತ್ತವೆ; ಟ್ಯಾಗು ಪದದ ಅಂಚಿನಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಂಡೇ ಬರುತ್ತದೆ. ‘ಕಳಸೆ’ಗೆ ಟ್ಯಾಗು ಹಾಕಿದರೆ ‘ಯ’ ಟ್ಯಾಗಿನ ಹೊರಗೆ ಉಳಿದು ಮುಂದಿನ ತುಂಡಿನ ತಲೆಯಾಗುತ್ತದೆ. ಆದ್ದರಿಂದ ಪಠ್ಯವೂ ಗಂಟುಗಳೂ ಬೆರೆತಿರುವ ಕಡೆ ಒಂದೇ ಒಂದು ಖಾಲಿ ಜಾಗವನ್ನೂ ಸೇರಿಸಬಾರದು, ತೆಗೆಯಲೂ ಬಾರದು. ಮೇಲಿನ ‘ಜೋಡಿಸು’ ತುಂಡುಗಳನ್ನು ಇದ್ದ ಹಾಗೆ ಒಂದಕ್ಕೊಂದು ಅಂಟಿಸುತ್ತದೆ, ಅಷ್ಟೇ.

ಹಾಗಾದರೆ ಸಾಲುಗಳ ನಡುವಿನ ಖಾಲಿ ಜಾಗದ ಗತಿ? ಅದನ್ನು ಗಂಟಿನ ಹೆಸರು ನೋಡಿ ತೀರ್ಮಾನಿಸಬೇಕು. ‘ನಮೂದು’ವಿನ ಒಳಗೆ ಇರಬೇಕಾದವು ಗಂಟುಗಳು ಮಾತ್ರ, ಅಲ್ಲಿ ಬರೀ ಖಾಲಿ ಜಾಗದ ತುಂಡುಗಳನ್ನು ಎಸೆಯಬಹುದು. ‘ಅರ್ಥ’ದ ಒಳಗೆ ಹಾಗಲ್ಲ. ಎರಡು ‘ನೋಡಿ’ಗಳು ಪಕ್ಕಪಕ್ಕದಲ್ಲಿ ಬಂದು ನಡುವೆ ಒಂದು ಖಾಲಿ ಜಾಗ ಮಾತ್ರ ಇದ್ದರೆ, ಅದನ್ನು ಎಸೆದಾಗ ಎರಡು ಪದ ಒಂದಾಗಿಬಿಡುತ್ತದೆ. ಯಾವ ಗಂಟು ಯಾವ ಬಗೆಯದು ಎಂದು ಪಾರ್ಸರ್ ತಾನಾಗಿ ಊಹಿಸಲಾರದು. ಅದು ಪದಕೋಶ ಕಟ್ಟಿದವರಿಗೆ ಗೊತ್ತಿರುವ ವಿಷಯ. ಎರಡು ಹೆಸರುಪಟ್ಟಿಗಳನ್ನು ಪ್ರೋಗ್ರಾಮಿನ ತಲೆಯಲ್ಲೇ ಬರೆದಿಡುವುದು ಒಳ್ಳೆಯದು.

ಇನ್ನೂ ಒಂದು ತೊಡಕು ‘ಸೇರು’ ಪದದಲ್ಲಿ ಎದುರಾಯಿತು. ‘ಸೇರಿನ’ ಎಂಬುದರಲ್ಲಿ ‘ಸೇರು’ ಎಲ್ಲಿ ಮುಗಿಯಿತು? ‘ಸೇರ’ ಎಂಬಷ್ಟಕ್ಕೆ ಟ್ಯಾಗು ಹಾಕಿ ಮುಂದಿನದನ್ನು ಹೊರಗಿಟ್ಟರೆ, ಆ ಹೊರಗಿನ ತುಂಡು ಗುಡಿಸಿನಿಂದ ಶುರುವಾಗುತ್ತದೆ. ಯುನಿಕೋಡ್‌ನಲ್ಲಿ ಗುಡಿಸು ಒಂದು ಪ್ರತ್ಯೇಕ ಸಂಕೇತ; ಹಿಂದೆ ವ್ಯಂಜನ ಇಲ್ಲದಿದ್ದರೆ ಪರದೆಯಲ್ಲಿ ಚುಕ್ಕಿಗಳ ವೃತ್ತಕ್ಕೆ ತಗುಲಿ ನಿಲ್ಲುತ್ತದೆ. ಅಂಥ ಕತ್ತರಿಸುವಿಕೆಯನ್ನು ಎಕ್ಸ್‌ಎಂಎಲ್ ತಡೆಯುವುದಿಲ್ಲ, ಆದರೆ ಕನ್ನಡ ಅದನ್ನು ಸಹಿಸುವುದಿಲ್ಲ. ನಾನು ಈಗ ಪದದ ಪೂರ್ತಿ ರೂಪವನ್ನು ಟ್ಯಾಗಿನೊಳಗೂ ತಲೆಪದವನ್ನು ಗುಣದಲ್ಲೂ ಇಡುತ್ತೇನೆ:

```
<ನೋಡಿ ಪದ="ಸೇರು">ಸೇರಿನ</ನೋಡಿ>
<ನೋಡಿ ಪದ="ಕಳಸೆ">ಕಳಸೆಯ</ನೋಡಿ>
```

ಓದುವವನಿಗೆ ‘ಸೇರಿನ’ ಕಾಣುತ್ತದೆ, ಕೊಂಡಿ ‘ಸೇರು’ವಿಗೆ ಹೋಗುತ್ತದೆ. ಕನ್ನಡದ ಯಾವ ಪಠ್ಯಕ್ಕೆ ಟ್ಯಾಗು ಹಾಕುವವರೂ ಮೊದಲ ದಿನವೇ ಇದನ್ನು ತೀರ್ಮಾನಿಸಿಕೊಳ್ಳಬೇಕು. ನೂರಾರು ನಮೂದುಗಳಾದ ಮೇಲೆ ತಿದ್ದುವ ಶ್ರಮ ನಾನು ಪಟ್ಟಿದ್ದೇನೆ.

ಇದೇ ಸಾಲಿಗೆ ಸೇರುವ ಎಚ್ಚರಿಕೆ ಮತ್ತೊಂದು. ‘ನೋಡಿ’ಯ ‘ೋ’ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಹೆಸರುಗಳನ್ನು ಹೋಲಿಸುವ ಪಾರ್ಸರಿಗೆ ಅವು ಬೇರೆ ಬೇರೆ. ಕಡತವನ್ನು ಪಾರ್ಸರಿಗೆ ಕೊಡುವ ಮೊದಲೇ ಒಂದೇ ರೂಪಕ್ಕೆ ತಂದುಬಿಡಬೇಕು. ದೊಡ್ಡಕ್ಷರ–ಚಿಕ್ಕಕ್ಷರದ ತಲೆನೋವು ಮಾತ್ರ ಕನ್ನಡದ ಹೆಸರುಗಳಿಗಿಲ್ಲ. ಕಾಮನ್ ಲಿಸ್ಪ್ ತಾನು ಓದಿದ ಹೆಸರುಗಳನ್ನು ಸಾಮಾನ್ಯವಾಗಿ ದೊಡ್ಡಕ್ಷರಕ್ಕೆ ತಿರುಗಿಸಿಕೊಳ್ಳುತ್ತದೆ, ಎಕ್ಸ್‌ಎಂಎಲ್‌ನಲ್ಲಿ ಆ ಎರಡೂ ಬೇರೆ. ಇಂಗ್ಲಿಷ್ ಟ್ಯಾಗುಗಳನ್ನು ಬಳಸುವವರು ಅಲ್ಲಿ ಎಡವುತ್ತಾರೆ.

ಹುಡುಕುವುದು ಮುಂದಿನ ಕೆಲಸ. ಒಂದು ಹೆಸರಿನ ಗಂಟುಗಳು ಮರದಲ್ಲಿ ಎಲ್ಲಿದ್ದರೂ ಒಟ್ಟುಮಾಡಿ ಕೊಡುವ ಫಂಕ್ಷನ್ನಿಗೂ ಅದೇ ಮೈಕಟ್ಟು: ಪಠ್ಯವಾದರೆ ಖಾಲಿ ಪಟ್ಟಿ, ಹೆಸರು ಹೊಂದಿದರೆ ಆ ಗಂಟು, ಇಲ್ಲವಾದರೆ ಮಕ್ಕಳಲ್ಲಿ ಹುಡುಕು. ಕೇಳಲು ಸರಿಯಾಗಿದೆ. ಆದರೆ ‘ಅರ್ಥ’ದೊಳಗೆ ಉಪಾರ್ಥವಾಗಿ ಇನ್ನೊಂದು ‘ಅರ್ಥ’ ಇದ್ದರೆ? ಹೊರಗಿನದು ಸಿಕ್ಕಿದ ಕೂಡಲೇ ಹುಡುಕಾಟ ನಿಂತು ಒಳಗಿನದು ಎಣಿಕೆಗೆ ಬರುವುದೇ ಇಲ್ಲ. ಅದೂ ಬೇಕಿದ್ದರೆ ಸಿಕ್ಕಿದ ಗಂಟನ್ನು ಕೈಯಲ್ಲಿ ಹಿಡಿದೇ ಅದರ ಮಕ್ಕಳೊಳಗೂ ಇಳಿಯಬೇಕು:

```
(ವಿಧಿ ಹುಡುಕು (ಬೇಕಾದ ಗಂಟು)
  (ಸಂದರ್ಭ
    ((ಪಠ್ಯವೇ ಗಂಟು) ())
    (ಇಲ್ಲವಾದರೆ
      (ಸೇರಿಸು
        (ಸಂದರ್ಭ ((ಒಂದೇ (ಹೆಸರು ಗಂಟು) ಬೇಕಾದ) (ಪಟ್ಟಿ ಗಂಟು)))
        (ಒಳಗೆಲ್ಲ-ಹುಡುಕು ಬೇಕಾದ (ಮಕ್ಕಳು ಗಂಟು))))))
```

‘ಒಳಗೆಲ್ಲ-ಹುಡುಕು’ ಎಂಬುದು ಪ್ರತಿಯೊಂದು ಮಗುವಿನ ಮೇಲೂ ‘ಹುಡುಕು’ವನ್ನು ನಡೆಸಿ, ಸಿಕ್ಕ ಪಟ್ಟಿಗಳನ್ನು ಒಂದಾಗಿಸುವ ಸಣ್ಣ ಫಂಕ್ಷನ್. ಎರಡು ಬಗೆಯ ಹುಡುಕಾಟದಲ್ಲಿ ಯಾವುದು ಸರಿ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮುಖ್ಯ ಅರ್ಥಗಳನ್ನು ಎಣಿಸುವಾಗ ಮೊದಲನೆಯದು, ‘ಕರಾವಳಿ’ ಎಂದು ಗುರುತಿಸಿದ ಎಲ್ಲವನ್ನೂ ಹೆಕ್ಕುವಾಗ ಎರಡನೆಯದು.

ಹೆಕ್ಕಿದ್ದನ್ನು ಮುದ್ರಣಕ್ಕೋ ಜಾಲಪುಟಕ್ಕೋ ತಿರುಗಿಸುವಾಗ ಲಿಸ್ಪ್‌ನ ಒಂದು ಚಂದದ ಸೌಲಭ್ಯ ಕೈಗೆ ಬರುತ್ತದೆ. ಒಂದೊಂದು ಹೆಸರಿಗೆ ಒಂದೊಂದು ನಿಯಮ ಬರೆಯುತ್ತೇವೆ. ‘ಪದ’ ಕಂಡರೆ ದಪ್ಪಕ್ಷರ, ‘ನೋಡಿ’ ಕಂಡರೆ ಕೊಂಡಿ. ನಿಯಮದ ಉತ್ತರವೂ ಪಟ್ಟಿಯೇ ಆದ್ದರಿಂದ ಅಕ್ಷರಗಳನ್ನು ತುಂಡುತುಂಡಾಗಿ ಹೊಲಿಯಬೇಕಿಲ್ಲ. ಬೇಕಾದ ಆಕಾರವನ್ನು ಇದ್ದ ಹಾಗೆ ಬರೆದು ಅದರಲ್ಲಿ ಕಿಂಡಿಗಳನ್ನು ಬಿಡಬಹುದು.

```
`(ಕೊಂಡಿ ((ಗುರಿ . ,ತಲೆಪದ)) ,@ಮಕ್ಕಳು)
```

ಶುರುವಿನಲ್ಲಿರುವ ಹಿಮ್ಮುಖ ಉದ್ಧರಣ ಚಿಹ್ನೆ ‘ಇದು ಅಚ್ಚು, ಹೀಗೇ ಇರಲಿ’ ಎನ್ನುತ್ತದೆ. ಅಲ್ಪವಿರಾಮ ‘ಇಲ್ಲಿ ಮಾತ್ರ ಬೆಲೆ ತುಂಬು’ ಎನ್ನುತ್ತದೆ. ಅಲ್ಪವಿರಾಮದ ಜೊತೆ @ ಬಂದರೆ ಪಟ್ಟಿಯ ಹೊರ ಆವರಣ ಕಳಚಿ ಒಳಗಿನವರನ್ನು ಸಾಲಾಗಿ ಕೂರಿಸುತ್ತದೆ. ಮಕ್ಕಳನ್ನು ಮೊದಲು ಬದಲಿಸಿ, ಆಮೇಲೆ ತಾಯಿ ಗಂಟಿನ ನಿಯಮ ಅನ್ವಯಿಸಿದರೆ, ಅರ್ಥದೊಳಗಿನ ‘ನೋಡಿ’ ಆಗಲೇ ಕೊಂಡಿಯಾಗಿ ಸಿದ್ಧವಿರುತ್ತದೆ. ನಿಯಮವಿಲ್ಲದ ಹೆಸರು ಎದುರಾದಾಗ ಪ್ರೋಗ್ರಾಂ ಸುಮ್ಮನಿರಬಾರದು, ಹೆಸರು ಹೇಳಿ ನಿಲ್ಲಬೇಕು. ಮೌನವಾಗಿ ದಾಟಿಹೋದ ಗಂಟು ಎಂದರೆ ಕಳೆದುಹೋದ ಪದ, ಈ ಕೆಲಸ ಮಾಡುತ್ತಿರುವುದೇ ಪದ ಕಳೆಯದಿರಲಿ ಎಂದು.

ಪಟ್ಟಿಯನ್ನು ಮತ್ತೆ ಎಕ್ಸ್‌ಎಂಎಲ್ ಆಗಿ ಬರೆಯುವ ಫಂಕ್ಷನ್ ಕೂಡ ಇದೇ ಎರಡು ಕವಲಿನದು. ಅದರಲ್ಲಿ ಮರೆಯಬಾರದ್ದು ಒಂದೇ: ಪಠ್ಯದೊಳಗೆ ಬಂದ & ಮತ್ತು < ಚಿಹ್ನೆಗಳನ್ನು ಅವುಗಳ ಸಂಕೇತರೂಪಕ್ಕೆ ತಿರುಗಿಸಿಯೇ ಬರೆಯಬೇಕು, ಗುಣದ ಬೆಲೆಯಲ್ಲಿ ಉದ್ಧರಣ ಚಿಹ್ನೆಯನ್ನೂ. ಓದುವಾಗ ಪಾರ್ಸರ್ ಅವನ್ನು ಬಿಡಿಸಿ ಕೊಟ್ಟಿರುತ್ತದೆ, ಹಾಗಾಗಿ ಹಿಂದಿರುಗಿಸುವ ಹೊಣೆ ನಮ್ಮದು.

ಇಡೀ ಮರವನ್ನು ನೆನಪಿನಲ್ಲಿ ಹಿಡಿಯುವ ಈ ಕ್ರಮಕ್ಕೆ ಮಿತಿ ಇದೆ. ನನ್ನ ಪದಪಟ್ಟಿಗೆ ಧಾರಾಳ ಸಾಕು. 2016ರಲ್ಲಿ ಸ್ವತಂತ್ರವಾಗಿ ತೆರೆದುಕೊಂಡ ತುಳು ವಿಕಿಪೀಡಿಯದಂಥವುಗಳ ಪೂರ್ತಿ ಪಠ್ಯವೂ ಎಕ್ಸ್‌ಎಂಎಲ್ ಕಡತವಾಗಿ ಸಿಗುತ್ತದೆ. ದೊಡ್ಡ ಭಾಷೆಗಳ ಅಂಥ ಕಡತವನ್ನು ಒಂದೇ ಪಟ್ಟಿಯಾಗಿ ಮಾಡಹೊರಟರೆ ಸಾಮಾನ್ಯ ಲ್ಯಾಪ್‌ಟಾಪ್ ಉಸಿರು ಕಟ್ಟುತ್ತದೆ. ಅಲ್ಲಿ ಪಾರ್ಸರಿಗೆ ಒಂದೊಂದು ಪುಟ ಮುಗಿದಾಗಲೂ ಅಷ್ಟನ್ನೇ ಪಟ್ಟಿಯಾಗಿ ಕೊಡಲು ಹೇಳಿ, ಕೆಲಸ ಮುಗಿಸಿ, ಬಿಟ್ಟುಬಿಡಬೇಕು. ಒಂದು ಪುಟದೊಳಗೆ ಮೇಲಿನ ಫಂಕ್ಷನ್‌ಗಳು ಅಕ್ಷರವೂ ಬದಲಾಗದೆ ನಡೆಯುತ್ತವೆ.

ಏನಾದರೂ ತಿದ್ದಿದ ಮೇಲೆ ನಾನು ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಕಡತವನ್ನು ಓದಿ ಪಟ್ಟಿ ಮಾಡುತ್ತೇನೆ, ಆ ಪಟ್ಟಿಯನ್ನು ಹೊಸ ಕಡತವಾಗಿ ಬರೆಯುತ್ತೇನೆ, ಹೊಸ ಕಡತವನ್ನು ಮತ್ತೆ ಓದುತ್ತೇನೆ. ಎರಡು ಪಟ್ಟಿಗಳನ್ನು ಹೋಲಿಸಲು ಲಿಸ್ಪ್‌ನಲ್ಲಿ ಒಂದೇ ಪದ ಸಾಕು; ಅದು ಒಳಗಿನ ಕೊನೆಯ ಅಕ್ಷರದವರೆಗೂ ಇಳಿದು ನೋಡುತ್ತದೆ. ‘ಹೌದು’ ಎಂದು ಉತ್ತರ ಬಂದರೆ ಹಾಳೆ ಮುದ್ರಿಸಿ ಅಮ್ಮನ ಮುಂದಿಡುತ್ತೇನೆ. ಅಲ್ಲಿ ಈಗ ‘ಮೂರು ಕಳಸೆಯ ಅಳತೆ’ ಎಂದಿದೆ.